ಹಗ್ಗ ಬಿಚ್ಚದೆ ಕೊಟ್ಟ ಕುದುರೆ

ನಿಮ್ಮ ಮನೆಯಲ್ಲಿ ಒಂದು ಕುದುರೆ ಇದೆ, ಅದಕ್ಕೀಗ ಕೆಲಸವಿಲ್ಲ ಎಂಬ ಸುದ್ದಿ ಒಮ್ಮೆ ಹೊರಬಿದ್ದರೆ ಸಾಕು, ಕಂಡವರೆಲ್ಲ ನಿಮಗೆ ನೆಂಟರಾಗಿಬಿಡುತ್ತಾರೆ. ಕೆಲಸವಿಲ್ಲದ ಮನುಷ್ಯರನ್ನು ಯಾರೂ ಕೇಳುವುದಿಲ್ಲ; ನಿವೃತ್ತಿಯಾದ ಮೇಲೆ ನನ್ನನ್ನೂ ಯಾರೂ ಕೇಳಲಿಲ್ಲ. ಆದರೆ ಬಿಳಿಯ, ಚೆಲುವಾದ, ಸ್ವಲ್ಪವೇ ಕುಂಟುವ ಹೆಣ್ಣು ಕುದುರೆಯೊಂದು ಪುಕ್ಕಟೆ ಸಿಗುತ್ತದೆ ಎಂದು ತಿಳಿದರೆ, ಕಿರಾಣಿ ಅಂಗಡಿಯ ಗಲ್ಲೆಯ ಹಿಂದೆ ಕೂತವನಿಂದ ಹಿಡಿದು ರಸಗೊಬ್ಬರದ ಏಜೆಂಟನವರೆಗೆ ಪ್ರತಿಯೊಬ್ಬನೊಳಗಿನ ಸರದಾರನೂ ಎದ್ದು ಕೂತು ಮೀಸೆ ತಿರುವುತ್ತಾನೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನಮ್ಮ ಗುಲಾಬಿಗೆ ಒಂದು ಮನೆ ಹುಡುಕಿಕೊಡುವಾಗ ಕಲಿತದ್ದು.

ನಾನು ಸಿಂಧನೂರಿನಲ್ಲಿ ಕನ್ನಡ ಕಲಿಸಿದವಳು, ಈಗಲೂ ಅಲ್ಲೇ ಇರುವವಳು. ತವರು ಮಸ್ಕಿ. ನಮ್ಮಜ್ಜ ಮಸ್ಕಿಯಿಂದ ಲಿಂಗಸುಗೂರಿಗೆ ಟಾಂಗಾ ಹೊಡೆಯುತ್ತಿದ್ದರು. ಬಸ್ಸುಗಳು ಬಂದು ಟಾಂಗಾ ಹೋಯಿತು, ಆದರೆ ಕುದುರೆಯ ಹುಚ್ಚು ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಮಸ್ಕಿಯಲ್ಲೇ ಇರುವ ನನ್ನ ತಮ್ಮ ಖಾಜಾ ಮದುವೆಯ ಮೆರವಣಿಗೆಗೆ ಕುದುರೆ ಕೊಡುವ ಕೆಲಸ ಹಿಡಿದ. ಸೆಹರಾ ಕಟ್ಟಿಕೊಂಡ ಮದುಮಗನಿರಲಿ, ಬಾಸಿಂಗ ಕಟ್ಟಿಕೊಂಡ ಮದುಮಗನಿರಲಿ, ಮೂರು ಊರುಗಳ ಸುತ್ತಮುತ್ತ ಯಾರ ಮದುವೆಯಾದರೂ ಆತ ಕೂರಬೇಕಾದದ್ದು ನಮ್ಮ ಗುಲಾಬಿಯ ಬೆನ್ನ ಮೇಲೆಯೇ. ಮೈಯೆಲ್ಲ ಹಾಲಿನ ಬಣ್ಣ, ಮೂತಿ ಮಾತ್ರ ಗುಲಾಬಿ. ಹಾಗಾಗಿ ಆ ಹೆಸರು. ಮದುಮಗ ಹೆದರಿದ್ದರೆ ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಅಂಥವನನ್ನು ಹೊತ್ತಾಗ ಬಸುರಿಯ ಹಾಗೆ ಮೆಲ್ಲಗೆ ನಡೆಯುತ್ತಿದ್ದಳು. ಮದುಮಗ ಸೊಕ್ಕಿನವನಾಗಿದ್ದರೆ ಬ್ಯಾಂಡಿನ ತಾಳಕ್ಕೆ ಮುಂಗಾಲು ಎತ್ತೆತ್ತಿ ಕುಣಿದು ಅವನ ಸೊಕ್ಕು ಇಳಿಸುತ್ತಿದ್ದಳು. ಇನ್ನೊಂದು ಗುಣವಿತ್ತು. ಮದುವೆಯ ಹಂದರ ಹಾಕಿದ ಮನೆ ಕಂಡರೆ ಸಾಕು, ಅದು ಯಾರ ಮನೆಯೇ ಆಗಿರಲಿ, ಹೋಗಿ ಬಾಗಿಲೆದುರು ನಿಂತುಬಿಡುತ್ತಿದ್ದಳು. ಒಳಗಿನಿಂದ ಹೆಂಗಸರು ಬಂದು ನೆನೆಸಿದ ಕಡಲೆ, ಬೆಲ್ಲ ತಿನ್ನಿಸಿ ಹಣೆಗೆ ಕುಂಕುಮ ಹಚ್ಚುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ.

ಲಿಂಗಸುಗೂರಿನ ಒಂದು ಮೆರವಣಿಗೆಯಲ್ಲಿ ಸಿಮೆಂಟು ರಸ್ತೆಯ ಮೇಲೆ ಚೆಲ್ಲಿದ್ದ ಹೂವಿನ ಮೇಲೆ ಕಾಲಿಟ್ಟು ಜಾರಿದಳು. ಮದುಮಗನಿಗೆ ಏನೂ ಆಗಲಿಲ್ಲ. ಅವಳ ಎಡ ಮುಂಗಾಲು ಮಾತ್ರ ಗೊರಸಿನ ಮೇಲಿನ ಕೀಲಿನಲ್ಲಿ ಊದಿಕೊಂಡು ಕೂತಿತು. ಲಿಂಗಸುಗೂರಿನ ಪಶುವೈದ್ಯರು ಬಹಳ ದಿನ ಔಷಧ ಮಾಡಿದರು. ಕೊನೆಗೆ ಖಾಜಾನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು, “ನಡೀಲಿ, ಅಡ್ಡಿಲ್ಲ. ಆದ್ರ ಇನ್ನ ಈಕಿಗೆ ಬೆನ್ನ ಮ್ಯಾಲೂ ಭಾರ ಬ್ಯಾಡ, ಹೊಟ್ಟ್ಯಾಗೂ ಭಾರ ಬ್ಯಾಡ,” ಎಂದರು. ಸವಾರಿಯೂ ಕೂಡದು, ಬಸಿರೂ ಕೂಡದು. ಮರಿಯ ಭಾರಕ್ಕೆ ಈ ಕಾಲು ಮುರಿಯುತ್ತದೆ, ಕಾಲು ಮುರಿದ ಕುದುರೆ ಬದುಕುವುದಿಲ್ಲ ಎಂದು ಬಿಡಿಸಿಯೂ ಹೇಳಿದರು. ಹೊಟ್ಟೆಯ ಮಾತು ಬಂದಾಗ ನಾವಿಬ್ಬರೂ ಗೋಡೆಯ ಕ್ಯಾಲೆಂಡರ್ ನೋಡಿದೆವು. ಆ ವಯಸ್ಸಿನ ಕುದುರೆಗೆ ಅದೆಲ್ಲ ಯಾಕೆ ಅನ್ನಿಸಿತು.

ಹಾಗಾದರೆ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಖಾಜಾನಿಗೂ ಅದೇ ಆಸೆಯಿತ್ತು. ಆದರೆ ಅವನ ಕೆಲಸ ನಡೆಯಬೇಕಲ್ಲ, ಬಾದಶಾ ಎಂಬ ಹೊಸ ಕುದುರೆ ತಂದ. ತೊಂದರೆ ಶುರುವಾದದ್ದೇ ಅಲ್ಲಿಂದ. ಬಾದಶಾನ ಬೆನ್ನ ಮೇಲೆ ಜರಿಯ ಹೊದಿಕೆ ಹಾಕುವುದನ್ನು ಕಂಡರೆ ಗುಲಾಬಿ ತನಗೇ ಕರೆ ಬಂತೆಂದು ತಿಳಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಓಣಿಯ ತುದಿಯಲ್ಲಿ ಬ್ಯಾಂಡಿನವರ ಮನೆ. ಅವರು ದಿನವೂ ಅಭ್ಯಾಸ ಮಾಡುವವರು. ಡೋಲಿನ ಮೊದಲ ಪೆಟ್ಟು ಬಿದ್ದದ್ದೇ ತಡ, ಇವಳು ಕಟ್ಟಿದ ಜಾಗದಲ್ಲೇ ಆ ನೋವಿನ ಕಾಲೆತ್ತಿ ಕುಣಿಯುವಳು. ಹಗಲು ಹಚ್ಚಿದ ಮುಲಾಮು ಸಂಜೆಯ ಕುಣಿತಕ್ಕೆ ವ್ಯರ್ಥವಾಗುತ್ತಿತ್ತು. ಬ್ಯಾಂಡು ಕೇಳದ ಊರಿಗೆ ಕಳಿಸದಿದ್ದರೆ ಈ ಕಾಲು ವಾಸಿಯಾಗುವುದಿಲ್ಲ ಎಂದು ನಾನೇ ತೀರ್ಮಾನ ಕೊಟ್ಟೆ. ತೀರ್ಮಾನ ಕೊಡುವುದು ನನಗೆ ಶಾಲೆಯ ದಿನಗಳಿಂದ ಬಂದ ಅಭ್ಯಾಸ.

“ಆಪಾ, ಎಷ್ಟೋ ಹುಡುಗ್ಯಾರಿಗೆ ಸಂಬಂಧ ನೋಡಿ ಕೊಟ್ಟೀದಿ. ಈಕಿಗೂ ಒಂದು ನೋಡು,” ಎಂದ ಖಾಜಾ. ಹೇಳಿದ ಮೇಲೆ ಮುಖ ತಿರುಗಿಸಿ ಗುಲಾಬಿಯ ಜೂಲು ಬಾಚಲು ನಿಂತ. ನನ್ನ ವಿದ್ಯಾರ್ಥಿನಿಯರಿಗೆ, ಅಕ್ಕಪಕ್ಕದ ಮನೆಯವರಿಗೆ ನಾನು ಕೂಡಿಸಿದ ಸಂಬಂಧಗಳು ಬೇಕಾದಷ್ಟಿವೆ, ಒಂದೂ ಮುರಿದಿಲ್ಲ. ಮುರಿಯಲು ನಾನು ಬಿಟ್ಟಿಲ್ಲ ಎಂದರೂ ಸರಿಯೇ. ಹಾಗಾಗಿ ಈ ಕೆಲಸ ನನಗೆ ಎಡಗೈಯದು ಎಂದುಕೊಂಡು ಒಪ್ಪಿಕೊಂಡೆ.

ಮಸ್ಕಿಯ ಮನೆಗೆ ಮೊದಲು ಬಂದವರು ಲಿಂಗಸುಗೂರಿನ ರಸ್ತೆಯಲ್ಲಿ ಖಾನಾವಳಿ ಇಟ್ಟವರು. “ಏನೂ ಮಾಡ್ಸೂದಿಲ್ಲ್ರೀ ಅಕ್ಕಾರ. ಸುಮ್ನ ಬಾಗಲದಾಗ ನಿಂದ್ರಬೇಕು. ಮಂದಿ ಫೋಟೋ ತಕ್ಕೊಂತಾರ, ಅಷ್ಟ,” ಎಂದರು. ಪಕ್ಕದಲ್ಲಿ ನಿಂತು ತೆಗೆಸಿಕೊಳ್ಳುತ್ತಾರೋ, ಮೇಲೆ ಕೂತು ತೆಗೆಸಿಕೊಳ್ಳುತ್ತಾರೋ ಎಂದು ಕೇಳಿದೆ. “ಸಣ್ಣ ಹುಡುಗರು ಕುಂತ್ರ ಏನ್ ಭಾರ ಆಕ್ಕೈತ್ರೀ?” ಅಂದರು. ಅವರಿಗೆ ಚಹಾ ಕುಡಿಸಿ ಕಳಿಸಿದೆ.

ಎರಡನೆಯವನು ಗೊರೇಬಾಳದಿಂದ ಬೈಕಿನ ಮೇಲೆ ಬಂದ. ಕಾಲಿನ ವಿಷಯ ಕೇಳಿ ಬಹಳ ಮರುಗಿದ. ಕುದುರೆ ಎಂದರೆ ತನಗೆ ಪ್ರಾಣ ಎಂದ. ನನಗೂ ಮನಸ್ಸು ಅರ್ಧ ಕರಗಿತ್ತು. ಹೊರಡುವ ಮುಂಚೆ ಮಾತ್ರ, “ಜೀನು ಕೂಡ ಕೊಡ್ತೀರೇನ್ರೀ?” ಎಂದು ಕೇಳಿಬಿಟ್ಟ. ಕುಂಟುವ ಕುದುರೆಗೆ ಜೀನು ಯಾಕಪ್ಪಾ ಎಂದರೆ, “ಇರಲಿ ಅಂತ,” ಎಂದ. ಇರಲಿ ಅಂತ ಇಟ್ಟುಕೊಂಡ ಜೀನು ಇವತ್ತಲ್ಲ ನಾಳೆ ಬೆನ್ನೇರುತ್ತದೆ. ಒತ್ತಿ ಕೇಳಿದ ಮೇಲೆ, ಒಂದು ಸೂಜಿ ಹಾಕಿಸಿದರೆ ಕುದುರೆ ಸಂಜೆಯವರೆಗೆ ಕುಂಟುವುದಿಲ್ಲ, ತಾನು ಬಲ್ಲೆ ಎಂದು ಆತನೇ ಬಾಯಿಬಿಟ್ಟ. ಅವನಿಗೆ ಚಹಾ ಕೂಡ ಕುಡಿಸಲಿಲ್ಲ. ಇನ್ನೊಬ್ಬ ಹಿರಿಯರು ಬಂದು ಕುದುರೆಯ ಮುಖವನ್ನೂ ನೋಡದೆ, “ಕುದುರಿ ಬ್ಯಾಡ್ರೀ, ಹಳೇ ಲಾಳ ಇದ್ರ ಒಂದು ಕೊಡ್ರಿ, ಬಾಗಲಕ್ಕ ಬಡಿತೀನಿ,” ಎಂದರು. ಬಂದವರಲ್ಲೆಲ್ಲ ಅವರೇ ಪ್ರಾಮಾಣಿಕರು. ಖಾಜಾ ಹುಡುಕಿ ಎರಡು ಲಾಳ ಕೊಟ್ಟ.

ಇಷ್ಟರಲ್ಲಿ ನನಗೆ ಒಂದು ಶಾಸ್ತ್ರವೇ ಸಿದ್ಧಿಸಿತ್ತು. ಹಿಂದಿನವರು ಕುದುರೆಯ ಮೈಮೇಲಿನ ಸುಳಿ ನೋಡಿ ಅದರ ಲಕ್ಷಣ ಹೇಳುತ್ತಿದ್ದರು. ಯಾವ ಸುಳಿ ಎಲ್ಲಿದ್ದರೆ ಒಡೆಯನಿಗೆ ರಾಜ್ಯ, ಎಲ್ಲಿದ್ದರೆ ಒಡೆಯನಿಗೆ ಕೇಡು ಎಂದು ಹಳೆಯ ಗ್ರಂಥಗಳ ತುಂಬ ಬರೆದಿಟ್ಟಿದ್ದಾರೆ. ಒಡೆಯನ ಯಾವ ಸುಳಿ ಎಲ್ಲಿದ್ದರೆ ಕುದುರೆಗೆ ಕೇಡು ಎಂದು ಮಾತ್ರ ಒಬ್ಬರೂ ಬರೆದಿಲ್ಲ. ಆ ಕೊರತೆಯನ್ನು ನಾನು ತುಂಬಿದೆ. ಕುದುರೆ ಕೇಳಲು ಬಂದವನು ಮೊದಲು ಮುಖ ನೋಡಿದರೆ ಅವನಿಗೆ ಫೋಟೋ ಬೇಕು. ಬೆನ್ನು ನೋಡಿದರೆ ಸವಾರಿ ಬೇಕು. ಕಾಲು ನೋಡಿದರೆ ಕುದುರೆ ಬೇಕು. ಈ ಶಾಸ್ತ್ರ ಇಂದಿಗೂ ತಪ್ಪಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ವಿಚಾರವೂ ಆ ದಿನಗಳಲ್ಲಿ ತಲೆಯಲ್ಲಿ ಸುಳಿಯುತ್ತಿತ್ತು. ನಮ್ಮ ಸೀಮೆಯ ಊರೂರಿನಲ್ಲಿ ವೀರಗಲ್ಲುಗಳಿವೆ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕುದುರೆ ಏರಿದ ವೀರ ಕಾದುತ್ತಾನೆ, ಮೇಲಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಕುದುರೆ ಏನಾಯಿತು? ಕೆಳಗಿನ ಪಟ್ಟಿಯಲ್ಲೇ ಉಳಿಯಿತು. ಕುಂಟುತ್ತ ಮನೆಗೆ ಬಂದ ಕುದುರೆಗೆ ಯಾರೂ ಕಲ್ಲು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ನಮ್ಮ ಮಸ್ಕಿಯ ಬಂಡೆಯ ಮೇಲೆ ಹೆಸರು ಕೊರೆಸಿದ ಚಕ್ರವರ್ತಿಯೊಬ್ಬ ಮಾತ್ರ ಬೇರೆ ಕಡೆಯ ಬಂಡೆಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಔಷಧದ ಏರ್ಪಾಡು ಮಾಡಿದ್ದೇನೆ ಎಂದು ಬರೆಸಿದ. ಅವನ ಕುದುರೆಗಳು ಮುದಿಯಾದ ಮೇಲೆ ಎಲ್ಲಿಗೆ ಹೋದವೋ ಅವನೂ ಬರೆಸಿಲ್ಲ.

ಹನುಮಂತಪ್ಪ ಬಂದದ್ದು ಬಸ್ಸಿನಲ್ಲಿ, ಹೆಂಡತಿ ಈರಮ್ಮನ ಜೊತೆಗೆ, ವಳಕಮದಿನ್ನಿಯಿಂದ. ಕಾಲುವೆ ನೀರಿನ ಗದ್ದೆ ಮಾಡುವ ಮನುಷ್ಯ. ಟ್ರ್ಯಾಕ್ಟರು ಬಾಡಿಗೆಗೆ ಸಿಗತೊಡಗಿದ ಮೇಲೆ ಎತ್ತು ಸಾಕಿರಲಿಲ್ಲ. “ಗ್ವಾದಲಿ ಖಾಲಿ ಬಿದ್ದೈತ್ರೀ ಅಕ್ಕಾರ. ಮುಂಜಾನೆ ಎದ್ದು ಖಾಲಿ ಗ್ವಾದಲಿ ನೋಡಾಕ ಆಗಂಗಿಲ್ಲ,” ಎಂದಳು ಈರಮ್ಮ. ಮೇವು ಹಾಕುವ ಜಾಗ ಖಾಲಿ ಇದೆ ಎಂದು ಕುದುರೆ ಕೇಳಲು ಬಂದವರನ್ನು ನಾನು ಮೊದಲ ಬಾರಿ ಕಂಡೆ. ಗದ್ದೆಯ ಕೆಸರು ಕುದುರೆಯ ಗೊರಸಿಗೆ ಆಗದು ಎಂದರೆ, ತಮ್ಮ ಮನೆ ದಿಬ್ಬದ ಮೇಲಿದೆ, ಬೇವಿನ ಗಿಡದ ಕೆಳಗೆ ನೆಲ ಒಣಗಿರುತ್ತದೆ ಎಂದ ಹನುಮಂತಪ್ಪ. ಬ್ಯಾಂಡು? ಆ ದಿಬ್ಬಕ್ಕೆ ಕಪ್ಪೆ ಕೂಗುವುದು ಮಾತ್ರ ಕೇಳುತ್ತದಂತೆ. ಹೀಗೆ ಮಾತಾಡುತ್ತಲೇ ಆತ ಬಗ್ಗಿ ಗುಲಾಬಿಯ ಎಡಗಾಲಿನ ಬಾವಿನ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತ. ಅವಳು ಕಾಲು ಎಳೆದುಕೊಳ್ಳಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಈಕಿ ಮಲಗ್ತಾಳೇನ್ರೀ?”

“ಇಲ್ಲ. ನಿಂತ ನಿದ್ದಿ ಮಾಡ್ತಾಳ. ಕಾಲು ಚಾಚಿ ಮಲಗಿದ್ದು ನಾ ನೋಡೇ ಇಲ್ಲ,” ಎಂದ ಖಾಜಾ. ಕುದುರೆಗಳು ನಿಂತು ನಿದ್ದೆ ಮಾಡುತ್ತವೆ. ತಟ್ಟನೆ ಎದ್ದು ಓಡಬೇಕಾಗಿಲ್ಲ ಎಂಬ ನಂಬಿಕೆ ಇರುವ ಕಡೆ ಮಾತ್ರ ಮೈಚೆಲ್ಲಿ ಮಲಗುತ್ತವೆ. ಯಾವ ಹೊತ್ತಿಗೆ ಯಾರ ಮದುವೆಯ ಕರೆ ಬರುತ್ತದೋ ಎಂದು ಕಾದವಳು ನಮ್ಮ ಅಂಗಳದಲ್ಲಿ ಹೇಗೆ ಮಲಗಿಯಾಳು? ಹನುಮಂತಪ್ಪ ತಲೆಯಾಡಿಸಿ ಎದ್ದ. ಸಂಬಂಧ ಕುದುರಿತು ಎಂದು ನಾನು ಅಡುಗೆಮನೆಗೆ ಹೋಗಿ ಸಿಹಿ ಮಾಡಲು ಹೇಳಿದೆ.

ಆದರೂ ನಾನು ಟೀಚರು. ಯಾರನ್ನೂ ಪೂರ್ತಿ ನಂಬಿ ಪಾಸು ಮಾಡಿದವಳಲ್ಲ. ಇವತ್ತು ಅಂಗೈ ಇಟ್ಟವನು ನಾಳೆ ಕಷ್ಟ ಬಂದರೆ ಸಂತೆಗೆ ಹೊಡೆದುಕೊಂಡು ಹೋದರೆ? ಆ ಗೊರೇಬಾಳದ ಸೂಜಿಯವನ ಕೈಗೇ ಸಿಕ್ಕರೆ? ಇದಕ್ಕೊಂದು ಕಟ್ಟು ಬೇಕು ಎಂದು ಯೋಚಿಸುವಾಗ ಹಗ್ಗದ ವಿಷಯ ಹೊಳೆಯಿತು.

ನಮ್ಮ ಕಡೆ ದನ ಕೊಟ್ಟವರು ಅದರ ಹಗ್ಗವನ್ನು ಕೊಡುವುದಿಲ್ಲ. ಮಾರಲಿ, ದಾನ ಕೊಡಲಿ, ತಮ್ಮ ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಕೊಂಡವರು ತಮ್ಮ ಹಗ್ಗ ತಂದು ಕಟ್ಟುತ್ತಾರೆ. ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂಬುದು ಅದಕ್ಕೆ ಹೇಳುವ ಕಾರಣ. ಹಳೆಯ ಮನೆಯ ಹಗ್ಗ ಕೊರಳಲ್ಲಿ ಇರುವವರೆಗೆ ದನ ಹಳೆಯ ಮನೆಯದೇ. ಹಾಗಾದರೆ ನಮ್ಮ ಹಗ್ಗ ಬಿಚ್ಚದೆ ಕಳಿಸಿದರೆ? ಗುಲಾಬಿ ಎಲ್ಲೇ ಇರಲಿ, ನಮ್ಮವಳೇ. ಹನುಮಂತಪ್ಪ ಮಾರಲು ಹೋದರೆ ಸಂತೆಯಲ್ಲಿ ತಿಳಿದ ಯಾರೂ ಮುಟ್ಟುವುದಿಲ್ಲ. ಛಾಪಾ ಕಾಗದ ಬೇಡ, ಸಾಕ್ಷಿ ಬೇಡ. ಇಷ್ಟು ಸರಳವಾದ ಉಪಾಯ ಬೇರೆ ಯಾರಿಗೂ ಯಾಕೆ ಹೊಳೆದಿಲ್ಲ ಎಂದು ನನಗೆ ನನ್ನ ಮೇಲೇ ಪ್ರೀತಿ ಉಕ್ಕಿತು.

ಕಳಿಸುವ ದಿನ ಗೂಡ್ಸ್ ಗಾಡಿ ಬಂದು ನಿಂತಿತು. ಖಾಜಾ ವಾಡಿಕೆಯಂತೆ ಕೊರಳ ಹಗ್ಗಕ್ಕೆ ಕೈ ಹಾಕಿದ. ಅದು ಅವನೇ ಹೊಸೆದ ಹತ್ತಿಯ ಹಗ್ಗ, ನಡುನಡುವೆ ಕೆಂಪು ನೂಲು. “ಬಿಚ್ಚಬ್ಯಾಡ. ಹಂಗ ಇರಲಿ,” ಎಂದೆ. ಹನುಮಂತಪ್ಪ ಗೊಂಡೆ ಕಟ್ಟಿದ ಹೊಸ ಹಗ್ಗ ತಂದಿದ್ದ. ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ತನ್ನ ಹಗ್ಗ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, “ಹಂಗಂದ್ರ ಹಂಗ ಆಗ್ಲಿ ಬಿಡ್ರಿ,” ಎಂದ. ಬೆನ್ನ ಮೇಲೆ ಭಾರ ಹಾಕಬಾರದು ಎಂದು ನಾನು ಪಾಠದ ಹಾಗೆ ಮೂರು ಸಲ ಹೇಳಿದೆ. ಹೊಟ್ಟೆಯ ಭಾರದ ಮಾತು ಬಾಯಿಯವರೆಗೆ ಬಂತು. ಪರಗಂಡಸಿನ ಮುಂದೆ, ಗಾಡಿಯ ಡ್ರೈವರ್ ಕಿವಿಯಿಟ್ಟು ನಿಂತಿರುವಾಗ, ಅದನ್ನು ಹೇಗೆ ಹೇಳುವುದೆಂದು ನುಂಗಿಕೊಂಡೆ. ಖಾಜಾ ಗಾಡಿ ಓಣಿ ದಾಟುವವರೆಗೆ ನೋಡುತ್ತ ನಿಂತ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮುಂದಿನ ಕೆಲವು ತಿಂಗಳು ನನ್ನ ಜಂಬದ ದಿನಗಳು. ಈರಮ್ಮ ವಾರಕ್ಕೊಮ್ಮೆ ಫೋನ್ ಮಾಡುವಳು. ಗುಲಾಬಿ ಜೋಳದ ದಂಟಿನ ಕಣಿಕಿ ತಿಂದಳು, ಕಾಲಿನ ಬಾವು ಇಳಿಯಿತು, ಎಮ್ಮೆಯ ಜೊತೆ ಗೆಳೆತನವಾಯಿತು, ಬೇವಿನ ಗಿಡಕ್ಕೆ ಮೈ ತಿಕ್ಕುತ್ತಾಳೆ. ನಾನು ಸಿಂಧನೂರಿನ ತರಕಾರಿ ಮಾರ್ಕೆಟ್ಟಿನಲ್ಲಿ, ಮದುವೆಗಳಲ್ಲಿ, ಮುಂಜಾನೆ ವಾಕಿಂಗಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮುದಿ ಪ್ರಾಣಿಗೆ ಮನೆ ಹುಡುಕುವ ಬಗೆಯನ್ನು ಉಪದೇಶಿಸಿದೆ. ಉಪದೇಶದ ಕೊನೆಯ ಅಂಗವೇ ಹಗ್ಗ. “ಕೊಡ್ರಿ, ಆದ್ರ ಹಗ್ಗ ನಿಮ್ಮದ ಇರಲಿ,” ಎನ್ನುತ್ತಿದ್ದೆ. ಕೇಳಿದವರು ಹೌದೌದು ಎನ್ನುತ್ತಿದ್ದರು. ಅವರಲ್ಲಿ ಒಬ್ಬರಾದರೂ ದನ ಸಾಕಿದವರಿದ್ದಿದ್ದರೆ ನನ್ನನ್ನು ಅಲ್ಲೇ ತಡೆಯುತ್ತಿದ್ದರು.

ಒಂದು ಬೆಳಿಗ್ಗೆ ಈರಮ್ಮನ ಫೋನು ಬಂತು. ದನಿಯಲ್ಲಿ ಹಬ್ಬದ ಸಂಭ್ರಮ. “ಅಕ್ಕಾರ, ನಮ್ಮ ಮನಿಯವ್ರು ಗುಲಾಬಿನ ಹೊಡಕೊಂಡು ಬಳಗಾನೂರಿಗೆ ಹೊಂಟಾರ್ರೀ. ಅಲ್ಲಿ ಒಬ್ಬರ ಹಂತ್ಯಾಕ ಚೊಲೋ ಗಂಡು ಕುದುರಿ ಐತಂತ. ಹೆಣ್ಣು ಹುಟ್ಟಿದ್ರ ನಿಮಗ, ಗಂಡು ಹುಟ್ಟಿದ್ರ ನಮಗ. ನಡೀತೈತಲ್ರೀ?”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೂತಲ್ಲಿಂದ ಎದ್ದು ನಿಂತೆ. ಹಗ್ಗ ಬಿಚ್ಚದೆ ದನ ಕೊಡುವ ಪದ್ಧತಿಯೂ ನಮ್ಮ ಕಡೆ ಒಂದಿದೆ, ಅದು ನನಗೆ ಮರೆತೇಹೋಗಿತ್ತು. ಅದಕ್ಕೆ ಪಾಲಿಗೆ ಕೊಡುವುದು ಎನ್ನುತ್ತಾರೆ. ಆಕಳೋ ಎಮ್ಮೆಯೋ ಇದ್ದವರು ಸಾಕಲಾಗದೆ ಇನ್ನೊಬ್ಬರ ಮನೆಯಲ್ಲಿ ಬಿಡುತ್ತಾರೆ. ದನ ಕೊಟ್ಟವರದೇ, ಹಗ್ಗವೂ ಅವರದೇ. ಸಾಕಿದವರು ಮೇವು ಹಾಕಿ ಕರು ಹಾಕಿಸಬೇಕು, ಹುಟ್ಟಿದ ಕರುಗಳಲ್ಲಿ ಇಬ್ಬರಿಗೂ ಪಾಲು. ನಾನು ಬೀಗವೆಂದು ತಿಳಿದು ಹಾಕಿದ ಹಗ್ಗ ಹನುಮಂತಪ್ಪನ ಕಣ್ಣಿಗೆ ಕರಾರಾಗಿ ಕಂಡಿತ್ತು. ಪಾಲಿಗೆ ಪಡೆದ ಪ್ರಾಣಿಯನ್ನು ಸುಮ್ಮನೆ ಕಟ್ಟಿಹಾಕಿಕೊಂಡರೆ ಕೊಟ್ಟವರಿಗೆ ಮೋಸ. ಕಾಲು ವಾಸಿಯಾಗುವುದನ್ನೇ ಕಾದು ಆ ಮನುಷ್ಯ ನನ್ನ ಪಾಲಿನ ಮರಿಯನ್ನು ತರಲು ಹೊರಟಿದ್ದ.

“ಫೋನ್ ಅವರಿಗೆ ಹಚ್ಚು ಈರಮ್ಮಾ,” ಎಂದು ಕೂಗಿದೆ. ಆತನ ಮೊಬೈಲು ಮನೆಯ ಗೂಟಕ್ಕೆ ನೇತಾಡುವ ಚೀಲದಲ್ಲಿತ್ತು. ಸಿಂಧನೂರಿನ ನಮ್ಮ ಓಣಿಯ ತುದಿಯಲ್ಲಿ ನಿಂತಿದ್ದ ಆಟೋ ಹತ್ತಿ ಬಳಗಾನೂರಿನ ದಾರಿ ಹಿಡಿಸಿದೆ. ದಾರಿಯಲ್ಲಿ ಖಾಜಾನಿಗೆ ಫೋನ್ ಮಾಡಿದೆ. “ಕಾಲು ಮುರಿತೈತಿ ಆಪಾ,” ಎಂದಷ್ಟೇ ಎಂದ. ಎರಡೂ ಕಡೆ ಹಸಿರು ಗದ್ದೆ, ಪಕ್ಕದಲ್ಲಿ ಕಾಲುವೆ. ಅಂಥ ಚೆಂದದ ದಾರಿಯನ್ನು ನಾನು ಅಷ್ಟೊಂದು ಬೈದುಕೊಂಡು ಎಂದೂ ದಾಟಿಲ್ಲ.

ನಮ್ಮನ್ನು ಕಾಪಾಡಿದ್ದು ಗುಲಾಬಿಯ ಹಳೆಯ ಗುಣ. ದಾರಿಯಲ್ಲೊಂದು ಕ್ಯಾಂಪು, ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಊರು. ರಸ್ತೆಯ ಮಗ್ಗುಲಲ್ಲೇ ಒಂದು ಮನೆಯ ಮುಂದೆ ಹಸಿರು ಹಂದರ. ಹಂದರದ ಬಾಗಿಲಿಗೆ ನಮ್ಮ ಗುಲಾಬಿ ಕಲ್ಲಿನ ಹಾಗೆ ನಿಂತಿದ್ದಾಳೆ. ಹನುಮಂತಪ್ಪ ಹಗ್ಗ ಹಿಡಿದು ಎಳೆದೆಳೆದು ಸೋತು ಬೆವರು ಒರೆಸಿಕೊಳ್ಳುತ್ತಿದ್ದಾನೆ. ಹೆಂಗಸರು ತಟ್ಟೆಯಲ್ಲಿ ಕಡಲೆ ಹಿಡಿದು ಸುತ್ತ ನೆರೆದಿದ್ದಾರೆ. ಹಣೆಗೆ ಆಗಲೇ ಕುಂಕುಮ ಬಿದ್ದಿತ್ತು. “ಈ ಗುರ್ರಂ ನಿಮ್ದಾ ಅಮ್ಮಾ? ಮದುವೆ ಮನೆಗೆ ತಾನೇ ಬಂತು ನೋಡು, ಎಂಥ ಶುಭ!” ಎಂದಳು ಒಬ್ಬ ಅಜ್ಜಿ. ಆದರೂ ಗುಲಾಬಿ ಹೊರಡುತ್ತಿಲ್ಲ, ಯಾಕೆಂದರೆ ಹಂದರದ ಇನ್ನೊಂದು ತುದಿಯಲ್ಲಿ ಬ್ಯಾಂಡಿನವರು ಚಹಾ ಕುಡಿಯುತ್ತ ಕೂತಿದ್ದರು. ಅವರು ಏಳುವುದನ್ನೇ ಅವಳು ಕಿವಿ ನಿಗುರಿಸಿ ಕಾಯುತ್ತಿದ್ದಳು. ಡೋಲು ಬಿದ್ದರೆ ತಿಂಗಳುಗಟ್ಟಲೆ ವಾಸಿಯಾದ ಕಾಲು ಒಂದು ಕುಣಿತಕ್ಕೆ ಹೋಗುತ್ತದೆ ಎಂದು ನಾನು ಆಟೋ ಪೂರ್ತಿ ನಿಲ್ಲುವ ಮೊದಲೇ ಇಳಿದೆ.

“ಹನುಮಂತಪ್ಪ, ಬಳಗಾನೂರಿಗೆ ಹೋಗಬ್ಯಾಡ್ರೀ. ಮರಿ ಬ್ಯಾಡ ನಮಗ,” ಎಂದೆ.

“ನಿಮಗ ಬ್ಯಾಡಾದ್ರ ನನಗ ಬೇಕಲ್ಲ್ರೀ ಅಕ್ಕಾರ. ಪಾಲು ಅಂದ್ರ ಇಬ್ಬರದೂ ಇರ್ತೈತಿ.”

“ಪಾಲಿಗೆ ಕೊಟ್ಟಿಲ್ಲ್ರೀ. ಸುಮ್ನ ಕೊಟ್ಟೀವಿ.”

ಆತ ತನ್ನ ಕೈಯಲ್ಲಿದ್ದ ಹಗ್ಗ ನೋಡಿದ. “ಸುಮ್ನ ಕೊಟ್ಟಿದ್ರ ಹಗ್ಗ ಯಾಕ ಬಿಚ್ಚಲಿಲ್ಲ್ರೀ? ನಾ ಹೊಸ ಹಗ್ಗ ತಂದಿದ್ದೆ. ನೀವ ಬ್ಯಾಡ ಅಂದ್ರಿ.”

ನೀನು ಮಾರಿಬಿಡುತ್ತೀಯ ಎಂಬ ಅನುಮಾನಕ್ಕೆ ಎಂದು ಅಷ್ಟು ಜನರ ಎದುರು ಹೇಗೆ ಹೇಳಲಿ? ಹೇಳುವ ಅಗತ್ಯವೂ ಬೀಳಲಿಲ್ಲ. ಆತನಿಗೆ ತಾನಾಗಿಯೇ ತಿಳಿಯಿತು. ದನಿ ಏರಿಸದೆ ಕೇಳಿದ: “ಪಾಲಿಗೂ ಅಲ್ಲ, ಕೊಟ್ಟಿದ್ದೂ ಅಲ್ಲ ಅಂದ್ರ ನಾ ಏನ್ರೀ? ನಿಮ್ಮ ಕುದುರಿ ಕಾಯೋ ಆಳೇನ್ರೀ? ಒಂದಾ ಹಗ್ಗ ಬಿಚ್ಚ್ರೀ, ಇಲ್ಲಾ ಕುದುರಿ ಹೊಡಕೊಂಡು ಹೋಗ್ರೀ.”

ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಹೊಡೆದುಕೊಂಡು ಹೋದರೆ ಮತ್ತೆ ಮಸ್ಕಿ, ಮತ್ತೆ ಅದೇ ಬ್ಯಾಂಡಿನ ಓಣಿ. ಹಗ್ಗ ಬಿಚ್ಚಿದರೆ ಇವಳು ಈತನ ಸ್ವತ್ತು. ಬಳಗಾನೂರಿಗೆ ಹೋಗುವುದೂ ಬಿಡುವುದೂ ಈತನ ಇಷ್ಟ. ಮೊದಲು ಹೇಳಬೇಕಾದ್ದನ್ನು ಹೇಳಿಯೇಬಿಡೋಣವೆಂದು, ಅಂದು ನುಂಗಿಕೊಂಡ ಡಾಕ್ಟರ ಮಾತನ್ನು ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದೆ. “ಬೆನ್ನ ಮ್ಯಾಲೂ ಭಾರ ಬ್ಯಾಡ, ಹೊಟ್ಟ್ಯಾಗೂ ಭಾರ ಬ್ಯಾಡ ಅಂದಾರ್ರೀ. ಮರಿ ನಿಂತ್ರ ಈಕಿ ಕಾಲು ಮುರದು ಸಾಯ್ತಾಳ.” ಹೆಂಗಸರಲ್ಲಿ ಒಬ್ಬಳು ನಕ್ಕು, “ಅಷ್ಟು ಹೇಳಾಕ ಇಷ್ಟು ದೂರ ಬಂದ್ರೇನ್ರೀ?” ಎಂದಳು. ಹನುಮಂತಪ್ಪ ನಗಲಿಲ್ಲ. “ಅವತ್ತ ಯಾಕ ಹೇಳಲಿಲ್ಲ್ರೀ?” ಎಂದ.

ಬ್ಯಾಂಡಿನವರು ಲೋಟ ಕೆಳಗಿಟ್ಟು ಏಳತೊಡಗಿದರು. ದಾರಿಯಲ್ಲಿ ಹಚ್ಚಿದ ಫೋನು ಕಡಿಯದೆ ಹಾಗೇ ನನ್ನ ಕೈಯಲ್ಲಿತ್ತು, ಖಾಜಾ ಅತ್ತ ಕಡೆ ಎಲ್ಲವನ್ನೂ ಕೇಳುತ್ತಿದ್ದ. “ಖೋಲ್ ದೇ ಆಪಾ,” ಎಂದ, “ಬಿಚ್ಚಿಬಿಡು.” ಗುಲಾಬಿಯ ಕೊರಳಿಗೆ ಕೈ ಹಾಕಿದೆ. ಗಂಟು ಬಿಗಿದು ಕೂತಿತ್ತು. ಉಗುರು ಮುರಿದವು, ಕಣ್ಣಿಗೆ ನೀರು ಬಂದು ಗಂಟು ಕಾಣದಾಯಿತು. ಕೊನೆಗೂ ಹಗ್ಗ ನನ್ನ ಕೈಗೆ ಬಂತು. ಗುಲಾಬಿ ಬರಿಗೊರಳಲ್ಲಿ ನಿಂತಳು. ಹನುಮಂತಪ್ಪನ ಗೊಂಡೆಯ ಹಗ್ಗ ವಳಕಮದಿನ್ನಿಯಲ್ಲಿತ್ತು. ಆತ ಹೆಗಲ ಮೇಲಿನ ವಲ್ಲಿಬಟ್ಟೆ ತೆಗೆದು ಒಮ್ಮೆ ಕೊಡವಿ, ಅದನ್ನೇ ಅವಳ ಕೊರಳಿಗೆ ಸುತ್ತಿ ಕಟ್ಟಿದ. ಆಮೇಲೆ ಬಳಗಾನೂರಿನ ದಾರಿಯ ಕಡೆ ಒಮ್ಮೆ ನೋಡಿದ. ಮರಿಯ ಆಸೆ ಆತನಿಗೂ ಇತ್ತು, ಅದು ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಈಗ ಕೇಳುವ ಹಕ್ಕು ನನಗಿರಲಿಲ್ಲ. ಹಾಗಾಗಿ ಜೀವನದಲ್ಲಿ ಅಪರೂಪಕ್ಕೆ ಸುಮ್ಮನಿದ್ದೆ.

ಆತ ಬಗ್ಗಿ ಆ ಎಡಗಾಲಿನ ಮೇಲೆ ಅಂಗೈ ಇಟ್ಟ, ಮಸ್ಕಿಯಲ್ಲಿ ಇಟ್ಟಿದ್ದ ಹಾಗೆಯೇ. ಎದ್ದು, “ನಡಿಯವ್ವಾ, ಮನಿಗೆ ಹೋಗೂಣು,” ಎಂದು ವಳಕಮದಿನ್ನಿಯ ಕಡೆ ತಿರುಗಿದ. ಅವರು ಹಂದರ ದಾಟುವಷ್ಟರಲ್ಲಿ ಹಿಂದೆ ಡೋಲು ಬಿತ್ತು. ಗುಲಾಬಿ ನಿಂತಳು. ಮುಂಗಾಲು ಎತ್ತಿದಳು. ಹನುಮಂತಪ್ಪ ಎಳೆಯಲಿಲ್ಲ, ಕೊರಳ ಮೇಲೆ ಕೈಯಿಟ್ಟು ತಾನೂ ನಿಂತ. ಎತ್ತಿದ ಕಾಲನ್ನು ಅವಳು ಮೆಲ್ಲಗೆ ನೆಲಕ್ಕಿಟ್ಟು, ಮುಂದಕ್ಕೆ ನಡೆದಳು.

ಹಗ್ಗ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಸಿಂಧನೂರಿಗೆ ಬಂದೆ. ಅದನ್ನು ಖಾಜಾನಿಗೆ ಕೊಡಹೋದರೆ ನೀನೇ ಇಟ್ಟುಕೋ ಎಂದ. ಒಗೆದು ಮಾಳಿಗೆಯ ಮೇಲೆ ಕಟ್ಟಿದ್ದೇನೆ, ಬಟ್ಟೆ ಒಣಗಿಸಲು ಬಹಳ ಚೆನ್ನಾಗಿದೆ. ಉಪದೇಶ ಬಿಟ್ಟಿಲ್ಲ, ಕೊನೆಯ ಅಂಗವನ್ನಷ್ಟೇ ತಿದ್ದಿದ್ದೇನೆ. ಮುದಿ ಕುದುರೆ ಕೊಡುವಾಗ ತೆಗೆದುಕೊಳ್ಳುವವನಿಂದ ಬರುವ ಅಪಾಯಗಳನ್ನು ನಾನು ಇಂದಿಗೂ ಒಂದೊಂದಾಗಿ ಹೇಳಬಲ್ಲೆ. ಕೊಟ್ಟೂ ಬಿಡಲಾರದವರಿಂದ ಬರುವ ಅಪಾಯವನ್ನು ಈಗ ಅವೆಲ್ಲಕ್ಕಿಂತ ಮೇಲೆ ಇಡುತ್ತೇನೆ.

ಮೊನ್ನೆ ಮಧ್ಯಾಹ್ನ ಈರಮ್ಮ ಮತ್ತೆ ಫೋನ್ ಮಾಡಿದಳು. ದನಿಯಲ್ಲಿ ಗಾಬರಿ. “ಅಕ್ಕಾರ, ಗುಲಾಬಿ ಬೇವಿನ ಗಿಡದ ಬುಡಕ ಕಾಲು ಚಾಚಿ ಬಿದ್ದಾಳ್ರೀ. ಕರದ್ರೂ ಏಳವಲ್ಲಳು.” ನಾನು ತೊಳೆದ ಬಟ್ಟೆ ಹಿಡಿದು ಮಾಳಿಗೆಯ ಮೇಲಿದ್ದೆ. ಆ ಹಗ್ಗವನ್ನೇ ಹಿಡಿದು ನಿಂತೆ. ಹತ್ತಿರ ಹೋಗಿ ನೋಡು, ಉಸಿರಾಡುತ್ತಾಳೋ ನೋಡು ಎಂದೆ. ಆಕೆಯ ಹೆಜ್ಜೆಯ ಸಪ್ಪಳ ಫೋನಿನಲ್ಲಿ ಕೇಳಿತು. ಆಮೇಲೆ ಈರಮ್ಮನ ಪಿಸುದನಿ ಬಂತು, ಎಲ್ಲಿ ಎಚ್ಚರವಾದೀತೋ ಎಂಬಂತೆ.

“ಗೊರಕಿ ಹೊಡಿಯಾಕತ್ತಾಳ್ರೀ.”